ಸವಣೂರಿನ ಗುಲ್ನಾರ

ಅಪ್ಪನ ಫೋನು ಬಂದಾಗ ಮಲ್ಲಿಕಾ ಒಬ್ಬ ಮುದುಕಿಯ ತೋಳಿನಲ್ಲಿ ನರ ಹುಡುಕುತ್ತಿದ್ದಳು. ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಲ್ಯಾಬಿನಲ್ಲಿ ಎಂಟು ವರ್ಷಗಳಿಂದ ಅವಳದು ಇದೇ ಕೆಲಸ. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ವರದಿ ಬರೆದು ಕೆಳಗೆ ಸಹಿ ಹಾಕುವುದು. ಅಪ್ಪ ಕೆಲಸದ ಹೊತ್ತಿನಲ್ಲಿ ಫೋನು ಮಾಡುವವರಲ್ಲ. ಮೂರನೆಯ ಸಲವೂ ಬಡಿದುಕೊಂಡಾಗ ಸೂಜಿ ಕೆಳಗಿಟ್ಟು ಎತ್ತಿದಳು.

"ತಂಗಿ, ನನ್ನ ಕಳ್ಳ ಅಂದಾರ."

"ಯಾರಪ್ಪಾ?"

"ಅದ, ಚೆಸ್ಸಿನವರು. ಆಟ ಬಂದ್ ಮಾಡ್ಯಾರ. ಇಂಗ್ಲೀಷಿನ್ಯಾಗ ಏನೇನೋ ಬರದಾರ. ಚೀಟಿಂಗ್ ಅಂತೈತಿ. ಅದೊಂದ ಶಬ್ದ ತಿಳೀತ ನೋಡು ನನಗ."

ಲಕ್ವಾ ಹೊಡೆದ ಮೇಲೆ ಗುದ್ಲೆಪ್ಪನವರ ನಾಲಿಗೆ ಉದ್ದನೆಯ ಮಾತುಗಳಲ್ಲಿ ಎಡವುತ್ತಿತ್ತು. ಇವತ್ತು ಎಲ್ಲಿಯೂ ಎಡವಲಿಲ್ಲ. ಐತವಾರ ಬರ್ತೇನಿ, ನೋಡೂಣು ಎಂದು ಹೇಳಿ ಮಲ್ಲಿಕಾ ಫೋನು ಇಟ್ಟಳು. ಮುದುಕಿಯ ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಯಲು ಹೇಳಿ, ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಬ್ಯಾಗಿನ ತಳದಲ್ಲಿ ಗಾಜು ಸೀಳಿದ ಒಂದು ಹಳೆಯ ಫೋನು ಇತ್ತು. ಅದನ್ನು ತೆಗೆದು ಆಟ ತೆರೆದಳು. ಅಲ್ಲಿಯೂ ಒಂದು ಕೆಂಪು ಪಟ್ಟಿ, ಇಂಗ್ಲಿಷಿನ ನಾಲ್ಕು ಸಾಲು, ನಡುವೆ ಅದೇ ಚೀಟಿಂಗ್ ಎಂಬ ಶಬ್ದ. ಅದರ ಮೇಲೆ ಖಾತೆಯ ಹೆಸರು: ಗುಲ್ನಾರ, ಸವಣೂರು.

ಗುದ್ಲೆಪ್ಪನವರು ದುಂಡಸಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರರಾಗಿದ್ದವರು. ಮಳೆ ಬಂದು ಮೈದಾನ ಕೆಸರಾದ ದಿನ ಮಕ್ಕಳನ್ನು ವರಾಂಡದಲ್ಲಿ ಕೂಡಿಸಿ ಚದುರಂಗ ಕಲಿಸುತ್ತಿದ್ದರು. ಹರೆಯದಲ್ಲಿ ಧಾರವಾಡದ ತನಕ ಹೋಗಿ ಆಡಿ, ಗೆದ್ದು ಕಪ್ ತಂದದ್ದುಂಟು. ಮಲ್ಲಿಕಾಗೆ ಐದು ವರ್ಷವಾದಾಗ ಮಣೆ ಹಾಸಿ, ಕಳೆದುಹೋದ ಎರಡು ಪ್ಯಾದೆಗಳ ಬದಲು ಹುಣಸೆಬೀಜ ಇಟ್ಟು ಕಲಿಸಿದರು. ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಕುಸಿದರು. ಬಲಗೈ ಬಿದ್ದುಹೋಯಿತು, ಬಲಗಾಲು ಅರ್ಧ ಉಳಿಯಿತು. ತಲೆಗೆ ಕೆಲಸ ಕೊಡುತ್ತಿರಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಕ್ಕೆ ಮಲ್ಲಿಕಾಳೇ ಅವರ ಫೋನಿನಲ್ಲಿ ಈ ಆಟ ಹಾಕಿಕೊಟ್ಟಿದ್ದಳು.

ಎಡಗೈ ಹೆಬ್ಬೆರಳಿನಿಂದ ಆಡಿದರು. ಸೋತರು. ಯಾವುದೋ ದೇಶದ, ಯಾವುದೋ ಊರಿನ ಮಂದಿಯ ಕೈಲಿ ದಿನವೂ ಸೋತರು. ಆಟಗಾರನ ಬಲ ತೋರಿಸುವ ಅವರ ಅಂಕ ಎಂಟುನೂರರ ಆಸುಪಾಸಿಗೆ ಇಳಿಯಿತು. ಹಿಂದೆ ಅವರು ಒಂದೇ ಸಲಕ್ಕೆ ಹತ್ತು ಹುಡುಗರ ಜೊತೆ ನಿಂತು ಆಡುತ್ತಿದ್ದರು. ಈಗ ಎದುರಿನವನ ಕುದುರೆ ಎಲ್ಲಿಂದ ಬಂತೆಂದೇ ಕಾಣುತ್ತಿರಲಿಲ್ಲ. ಒಂದು ದಿನ ಫೋನನ್ನು ಜೋಳದ ಚೀಲದ ಮೇಲೆ ಎಸೆದು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮಲ್ಲಿಕಾ ಮೊದಲು ತನ್ನ ಹೆಸರಿನಲ್ಲಿಯೇ ಅವರ ಜೊತೆ ಆಡಿ ಸೋತಳು. ಎರಡನೆಯ ಆಟಕ್ಕೇ ಫೋನು ಬಂತು.

"ನೀ ಒಂಟೀನ ಹಂಗ ಹೊಡತಕ್ಕ ಇಡಾಕಿ ಅಲ್ಲ, ತಂಗಿ. ಬಿಟ್ಟುಕೊಡೂದಿದ್ರ ನನ್ನ ಕೂಡ ಆಡಬ್ಯಾಡ."

ಹೀಗೆ ಗುಲ್ನಾರ ಹುಟ್ಟಿದಳು. ಹಾನಗಲ್ಲಿನ ಕಾಲೇಜಿನಲ್ಲಿ ಜೊತೆಗೆ ಓದಿ, ಈಗ ಎಲ್ಲಿದ್ದಾಳೋ ಗೊತ್ತಿಲ್ಲದ ಒಬ್ಬ ಗೆಳತಿಯ ಹೆಸರು ಅದು. ಮಧ್ಯಾಹ್ನ ಒಂದೂವರೆಗೆ ಮಲ್ಲಿಕಾ ಎಡಗೈಯಲ್ಲಿ ರೊಟ್ಟಿ ಹಿಡಿದು ಬಲಗೈಯಲ್ಲಿ ಗುಲ್ನಾರಳಾಗುತ್ತಿದ್ದಳು. ತನ್ನದಲ್ಲದ ಒಂದು ಆಟ ಕಲಿಯಬೇಕಾಯಿತು ಅವಳಿಗೆ. ಗುಲ್ನಾರಗೆ ಕುದುರೆಯ ಮೇಲೆ ಪ್ರೀತಿ, ವಜೀರನನ್ನು ಬೇಗ ಹೊರಗೆ ತರುವ ಚಟ, ಕೊನೆಯಲ್ಲಿ ಗಡಿಬಿಡಿ. ಗೆಲ್ಲುವ ಆಟವನ್ನು ಗೆಲ್ಲುವ ಮುಂಚೆಯೇ ಕೈಬಿಡುವುದು ಸೋಲುವುದಕ್ಕಿಂತ ಕಷ್ಟವೆಂದು ಮಲ್ಲಿಕಾಗೆ ಆಗ ಗೊತ್ತಾಯಿತು.

ಮೂರನೆಯ ವಾರದಲ್ಲಿ ಆಟದ ಪಕ್ಕದ ಪೆಟ್ಟಿಗೆಯಲ್ಲಿ ಅಪ್ಪ ಬರೆದ ಒಂದು ಸಾಲು ಮೂಡಿತು. 'ನಿಮ್ಮ ಕುದುರಿ ಚೊಲೋ ಆಡ್ತಾವು. ವಜೀರಗ ಅವಸರ ಮಾಡಬ್ಯಾಡ್ರಿ.' ಮಲ್ಲಿಕಾ ರೊಟ್ಟಿ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ, 'ಕಲಿಸ್ರಿ ಸರ್' ಎಂದು ಬರೆದಳು.

ಅಲ್ಲಿಂದ ಮಾಸ್ತರರು ಮತ್ತೆ ಮಾಸ್ತರರಾದರು. ದಿನಕ್ಕೆ ಒಂದೆರಡು ಆಟ, ಆಟವಾದ ಮೇಲೆ ಪಾಠ. ಸಂಜೆ ಮಗಳಿಗೆ ಫೋನಿನಲ್ಲಿ ವರದಿ. "ಸವಣೂರಾಗ ಒಂದ ಹುಡುಗಿ ಐತಿ. ಬುದ್ಧಿ ಐತಿ, ಕಲಿಸವ್ರಿರಲಿಲ್ಲ." ಅಂಕ ಹನ್ನೆರಡು ನೂರು ದಾಟಿತು. ಕೋಲಿಲ್ಲದೆ ಬಸ್‌ಸ್ಟಾಪಿನ ತನಕ ನಡೆದು ಬಂದರೆಂದು ಅವ್ವ ಮಹಾದೇವಕ್ಕ ಹೇಳಿದಾಗ ಮಲ್ಲಿಕಾಗೆ ಅಳು ಬಂತು. ಅಕ್ಕಿಆಲೂರಿನ ರೈಸ್‌ಮಿಲ್ಲಿನಲ್ಲಿ ಕೆಲಸ ಮಾಡುವ ಅವಳ ಗಂಡ ಶಿವಯೋಗಿಗೆ ಎಲ್ಲ ಗೊತ್ತಿತ್ತು. ಮೊದಲು ನಕ್ಕಿದ್ದ. ಆಮೇಲೆ ಒಂದು ದಿನ, "ಇದು ಎಲ್ಲಿಗೆ ಹೋಗಿ ನಿಲ್ಲತೈತಿ, ವಿಚಾರ ಮಾಡೀಯೇನು?" ಎಂದು ಕೇಳಿದ್ದ. ಅವಳು ಮಾಡಿರಲಿಲ್ಲ.

ಐತವಾರ ದುಂಡಸಿಯ ಮನೆಯ ಪಡಸಾಲೆಯಲ್ಲಿ ಗುದ್ಲೆಪ್ಪನವರು ಚೆಸ್ಸಿನ ಕಂಪನಿಗೆ ಕಳಿಸಲು ಬರೆದ ಹಾಳೆ ಹಿಡಿದು ತಯಾರಾಗಿ ಕೂತಿದ್ದರು. ಎಡಗೈಯಲ್ಲಿ ಬರೆದ ಅಕ್ಷರಗಳು ಗಾಳಿಗೆ ಬಾಗಿದ ಜೋಳದಂತೆ ಒಂದೇ ಕಡೆ ವಾಲಿದ್ದವು. ಹುಟ್ಟಿದ ಊರು, ಮಾಡಿದ ನೌಕರಿ, ಧಾರವಾಡದಲ್ಲಿ ಗೆದ್ದ ಇಸವಿ, ಯಾವ ಮಗುವಿಗೂ ಸುಳ್ಳು ಮಾರ್ಕ್ಸು ಕೊಟ್ಟಿಲ್ಲವೆಂಬ ಮಾತು. ಎರಡು ಪುಟ.

"ಇದರಾಗ ಐದನೂರ ಅಕ್ಷರಕ್ಕಿಂತ ಹೆಚ್ಚು ಹಿಡಿಯಂಗಿಲ್ಲಪ್ಪಾ," ಎಂದಳು ಮಲ್ಲಿಕಾ, ಫೋನಿನಲ್ಲಿ ಮನವಿಯ ಪೆಟ್ಟಿಗೆ ತೋರಿಸುತ್ತ.

"ಒಬ್ಬ ಮನಷ್ಯಾನ ಮರ್ಯಾದಿಗೆ ಐದನೂರ ಅಕ್ಷರ?"

"ಇಷ್ಟ ಜಾಗಾ ಕೊಟ್ಟಾರ."

ಒಂದೊಂದೇ ಸಾಲು ಹೊಡೆದುಹಾಕುತ್ತ ಹೋದರು. ಧಾರವಾಡ ಹೋಯಿತು. ಮೂವತ್ತೊಂದು ವರ್ಷ ಬೇಕೇ ಬೇಕು ಎಂದು ಉಳಿಸಿದರು. ಮಲ್ಲಿಕಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ತುಂಬಿದಳು. ಕೆಳಗೆ ಒಂದು ಸಣ್ಣ ಚೌಕ ಇತ್ತು, ಮೇಲೆ ಬರೆದದ್ದೆಲ್ಲ ನಿಜ ಎಂದು ಒಪ್ಪುವವರು ಅಲ್ಲಿ ಗುರುತು ಹಾಕಬೇಕು. ಅಪ್ಪ ನೋಡುತ್ತಿದ್ದರು. ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸುಳ್ಳು ಇದ್ದದ್ದು ಬರೆಯುವ ಕೈಯಲ್ಲಿ. ಅವಳು ಗುರುತು ಹಾಕಿ ಕಳಿಸಿದಳು.

ಎರಡೇ ನಿಮಿಷಕ್ಕೆ ಉತ್ತರ ಬಂತು. ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗದು.

"ಎರಡ ಮಿನಿಟಿನ್ಯಾಗ ಯಾರ ಪರಿಶೀಲಿಸಿದ್ರು?" ಎಂದರು ಗುದ್ಲೆಪ್ಪನವರು. "ಇನ್ನೊಮ್ಮೆ ಬರಿ. ಮನಷ್ಯಾರು ಓದಬೇಕಂತ ಬರಿ."

ಇನ್ನೊಮ್ಮೆ ಬರೆದರು. ಆ ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಅದು ಮನುಷ್ಯರೇ ಬರೆದಂತಿತ್ತು, ಉದ್ದವಿತ್ತು. ಅಪ್ಪ ಅದರ ಫೋಟೋ ತೆಗೆಸಿ ಕಳಿಸಿ, ಓದಿ ಹೇಳು ಎಂದು ಫೋನು ಮಾಡಿದರು. ಲ್ಯಾಬಿನ ಒಳಕೋಣೆಯಲ್ಲಿ ನಿಂತು ಮಲ್ಲಿಕಾ ಓದಿದಳು. ನಿಮ್ಮ ಖಾತೆಗೂ 'ಗುಲ್ನಾರ' ಎಂಬ ಖಾತೆಗೂ ಇನ್ನೂರ ಹನ್ನೆರಡು ಆಟ ನಡೆದಿವೆ. ಅವುಗಳಲ್ಲಿ ನೂರ ಎಂಬತ್ತೇಳರಲ್ಲಿ ಗುಲ್ನಾರ ಗೆಲ್ಲುವ ಸ್ಥಿತಿಯನ್ನು ಬೇಕೆಂದೇ ಕೈಬಿಟ್ಟಿದ್ದಾರೆ. ಇಬ್ಬರೂ ಮಾತಾಡಿಕೊಂಡು ಅಂಕ ಏರಿಸಿದ್ದೀರಿ. ತಪ್ಪು ಒಪ್ಪಿಕೊಂಡರೆ ಹೊಸ ಖಾತೆ ತೆರೆಯಬಹುದು. ಇಲ್ಲವಾದರೆ ಇದು ಹೀಗೇ ಮುಚ್ಚಿರುತ್ತದೆ.

"ಏನಂತ?" ಎಂದರು ಅಪ್ಪ ಫೋನಿನಲ್ಲಿ.

"ಗುಲ್ನಾರ ಅನ್ನೋರ ಕೂಡ ಆಡಿದ ಆಟದ ಮ್ಯಾಲ ಸಂಶೇ ಅಂತಪ್ಪಾ. ತಪ್ಪಾತು ಅಂತ ಒಪ್ಪಿಕೊಂಡ್ರ ಹೊಸಾದು ತಗೀಬಹುದಂತ." ನೂರ ಎಂಬತ್ತೇಳನ್ನು ಅವಳು ಹೇಳಲಿಲ್ಲ. ಅಪ್ಪನಿಗೂ ಆ ಕಂಪನಿಗೂ ನಡುವೆ ಇದ್ದ ಒಂದೇ ನಾಲಿಗೆ ಅವಳದು.

"ಒಪ್ಪಿಕೊಳ್ಳಾಕ ನಾ ಏನ ಮಾಡೇನಿ?"

"ಹೋಗ್ಲಿ ಬಿಡಪ್ಪಾ, ಒಪ್ಪಿಕೊಂಡುಬಿಡೂಣು. ಯಾರ ನೋಡ್ತಾರ? ಎಲ್ಲಾರೂ ಹಂಗ ಮಾಡ್ತಾರ."

ಹಿಂದೆ ಅವ್ವ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ನಿನಗ ನನ್ನ ಮ್ಯಾಲ ಸಂಶೇ ಐತೇನು?" ಎಂದರು.

"ಇಲ್ಲಪ್ಪಾ."

"ಮತ್ತ? ನನಗ ಆ ಹುಡುಗೀದ ಚಿಂತಿ ಹತ್ತೇತಿ. ಆಕೀದೂ ಬಂದ್ ಮಾಡಿರಬೇಕು. ನನ್ನ ಕೂಡ ಆಡಿದ್ದಕ್ಕ ಆಕಿಗೂ ಕಳ್ಳಿ ಅಂದಾರ. ನಾವಿಬ್ರೂ ಕೂಡಿ ಬರದ್ರ ಕೇಳಬೇಕಾಕ್ಕೈತಿ. ಇಬ್ರು ಸಾಕ್ಷಿ ಇದ್ದಂಗ."

ಮಲ್ಲಿಕಾ ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೊರಗೆ ರೋಗಿಗಳು ಕಾಯುತ್ತಿದ್ದಾರೆಂದು ಫೋನು ಇಟ್ಟಳು. ಅವತ್ತು ಒಂದೇ ಸಕ್ಕರೆಕಾಯಿಲೆಯ ಮಾದರಿಯನ್ನು ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ಒಂದೇ ಅಂಕಿ ಬಂದರೂ ಸಹಿ ಹಾಕುವ ಧೈರ್ಯವಾಗಲಿಲ್ಲ.

ಬುಧವಾರ ಹನ್ನೊಂದಕ್ಕೆ ಅವ್ವನ ಫೋನು ಬಂತು.

"ನಿಮ್ಮಪ್ಪ ಎಂಟರ ಬಸ್ಸಿಗೆ ಶಿಗ್ಗಾವಿಗೆ ಹೋಗಿ ಬರ್ತೇನಿ ಅಂತ ಹೋದ್ರು. ಈಗ ಬಸ್ಸಿನ ಕಂಡಕ್ಟರು ಹೇಳಿದಾ, ಅಲ್ಲಿಂದ ಸವಣೂರಿನ ಬಸ್ಸ ಹತ್ಯಾರಂತ. ಫೋನ ಮನ್ಯಾಗ ಬಿಟ್ಟಾರ. ಅಲ್ಲೇನ ಕೆಲಸ ಐತಿ ಇವರಿಗೆ? ಕಾಲ ನೋಡಿದ್ರ ಹಂಗದಾವು."

ಮಲ್ಲಿಕಾ ಲ್ಯಾಬಿನ ಡಾಕ್ಟರಿಗೆ ಹೇಳಿ ಹೊರಟಳು. ಬಂಕಾಪುರದಲ್ಲಿ ಬಸ್ಸು ಬದಲಿಸಿ, ಅರ್ಧ ಗಂಟೆ ನಿಂತು ಕಾದು, ಸವಣೂರು ತಲುಪುವಾಗ ಎರಡು ದಾಟಿತ್ತು. ದಾರಿಯುದ್ದಕ್ಕೂ ಒಂದು ಸುಳ್ಳು ಹುಡುಕಿದಳು. ಗುಲ್ನಾರ ಊರು ಬಿಟ್ಟಳು, ಗುಲ್ನಾರಗೆ ಮದುವೆಯಾಯಿತು, ಗುಲ್ನಾರಳ ಮನೆಯವರು ಆಟ ಬೇಡವೆಂದರು. ಒಂದೊಂದು ಸುಳ್ಳಿನ ಹಿಂದೆಯೂ ಅಪ್ಪ ಕೇಳಬಹುದಾದ ಪ್ರಶ್ನೆ ನಿಂತಿತ್ತು. ಗೆಲ್ಲುವ ದಾರಿ ಇಲ್ಲದ ಆಟದಲ್ಲಿ ರಾಜನನ್ನು ಮೂಲೆಯಿಂದ ಮೂಲೆಗೆ ಓಡಿಸಿದಂತಾಯಿತು ಅವಳಿಗೆ.

ಅಪ್ಪ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಲಗಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಒಂದು ಕರಿದ ಖಾರದ ತಿಂಡಿಯ ಪೊಟ್ಟಣ, ಅಂಗಿಯ ಜೇಬಿನಲ್ಲಿ ಮಡಿಸಿದ ಹಾಳೆ. ಮಗಳನ್ನು ಕಂಡು ಆಶ್ಚರ್ಯಪಡಲಿಲ್ಲ.

"ನಿಮ್ಮವ್ವ ಹೇಳಿದಳೇನು? ಕುಂಡ್ರು. ಮೂರ ಮಂದಿ ಗುಲ್ನಾರ ಸಿಕ್ರು. ಎಲಿ ಅಡಿಕಿ ಮಾರೋರು ಒಬ್ಬಾಕೀನ ತೋರಿಸಿದ್ರು, ಆಕಿಗೆ ಏಳ ವರ್ಷ. ಬಳಿ ಅಂಗಡ್ಯಾಕಿ ಇನ್ನೊಂದ ಮನಿ ಹೇಳಿದಳು, ಆ ಹುಡುಗೀನ ಹುಬ್ಬಳ್ಳಿಗೆ ಕೊಟ್ಟಾರ. ಮೂರನೇದಾಕಿ ನನಗಿಂತ ದೊಡ್ಡಾಕಿ. ಚೆಸ್ ಅಂದ್ರ ಏನಪಾ ಅಂದಳು. ಚಾ ಕೊಟ್ಟಳು, ಈ ಖಾರಾನೂ ಕೊಟ್ಟಳು." ಪೊಟ್ಟಣವನ್ನು ಮಗಳ ಕಡೆ ಸರಿಸಿದರು. "ಕ್ವಾಟಿ ಗ್ವಾಡಿ ಕಡೆ ಓಣಿ ಉಳದಾವು. ನಾಳೆ ಮತ್ತ ಬರ್ತೇನಿ. ಆ ಹುಡುಗಿ, ನನ್ನ ಸಲುವಾಗಿ ಸರ್ ಏನೂ ಮಾಡಲಿಲ್ಲಂತ ತಿಳೀಬಾರದಲ್ಲ."

ಅವರ ಬಲಗಾಲಿನ ಚಪ್ಪಲಿಯ ಮುಂದಿನ ತುದಿ ಸವೆದು ಹರಿದಿತ್ತು. ಆ ಕಾಲನ್ನು ಎಳೆಯುತ್ತ ಬೆಳಗಿನಿಂದ ಅವರು ಎಷ್ಟು ಓಣಿ ತಿರುಗಿದ್ದರೋ. ನಾಳೆ ಮತ್ತೆ ತಿರುಗುವವರಿದ್ದರು. ನಾಡಿದ್ದೂ.

"ಅಪ್ಪಾ, ಬರಬ್ಯಾಡ. ಆಕಿ ಇಲ್ಲಿ ಇಲ್ಲ."

"ನಿನಗ ಹ್ಯಾಂಗ ಗೊತ್ತು?"

"ಆಕಿ ಎಲ್ಲೂ ಇಲ್ಲಪ್ಪಾ. ಅದು ನಾನ."

ಗುದ್ಲೆಪ್ಪನವರಿಗೆ ತಿಳಿಯಲಿಲ್ಲ. ಅವಳು ಬ್ಯಾಗಿನಿಂದ ಹಳೆಯ ಫೋನು ತೆಗೆದು ಆಟ ತೆರೆದು ಅವರ ಕೈಗೆ ಕೊಟ್ಟಳು. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಹೆಸರು ಓದಿದರು. ಪಕ್ಕದ ಪೆಟ್ಟಿಗೆಯಲ್ಲಿ ಅವರೇ ಬರೆದ ಪಾಠಗಳಿದ್ದವು. ಹೆಬ್ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋದರು. ಹುಬ್ಬಳ್ಳಿಯ ಬಸ್ಸು ಬಂತು, ಹೋಯಿತು. ಫೋನನ್ನು ವಾಪಸು ಕೊಟ್ಟು, ಜೇಬಿನ ಹಾಳೆ ತೆಗೆದು, ಇನ್ನೊಂದು ಮಡಿಕೆ ಮಾಡಿ ಮತ್ತೆ ಜೇಬಿಗಿಟ್ಟರು.

"ಬಸ್ಸ ಎಷ್ಟಕ್ಕ ಐತಿ ಕೇಳು," ಎಂದರು.

ಶಿಗ್ಗಾವಿಯಲ್ಲಿ ದುಂಡಸಿಯ ಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಎಲ್ಲಾ ಆಟಾನೂ ಬಿಟ್ಟುಕೊಟ್ಟಿ?"

"ಎಲ್ಲಾ ಅಲ್ಲಪ್ಪಾ. ಕೆಲವೊಂದು ನೀನ ಗೆದ್ದಿ."

"ಯಾವ್ಯಾವು?"

ಮಲ್ಲಿಕಾ ನೆನಪು ಮಾಡಿಕೊಳ್ಳಲು ನೋಡಿದಳು. ಆನೆ ಬಲಿಕೊಟ್ಟು ಗೆದ್ದದ್ದು? ಅದು ತಾನೇ ಬಿಟ್ಟದ್ದು. ಒಂಟೆಗಳೆರಡನ್ನೂ ಉಳಿಸಿಕೊಂಡು ಗೆದ್ದದ್ದು? ಅದರಲ್ಲಿ ಅರ್ಧ ಬಿಟ್ಟಿದ್ದಳು, ಅರ್ಧ ಅವರೇ ಆಡಿದ್ದರು. ನಾಲ್ಕು ತಿಂಗಳಲ್ಲಿ ತಾನು ಎಲ್ಲಿ ಸೋತೆ, ಎಲ್ಲಿ ಸೋತಂತೆ ಮಾಡಿದೆ ಎಂಬ ಗೆರೆ ಅವಳಿಗೇ ಅಳಿಸಿಹೋಗಿತ್ತು.

"ನೆನಪಿಲ್ಲಪ್ಪಾ," ಎಂದಳು.

ಅವರು ತಲೆಯಾಡಿಸಿದರು. ಮನೆಗೆ ಹೋಗಿ ಕಾಲು ತೊಳೆದು, ಹೆಂಡತಿ ಕೊಟ್ಟ ಚಹಾ ಮುಟ್ಟದೆ, ತಮ್ಮ ಫೋನು ತರಿಸಿ ಮಗಳ ಕೈಗೆ ಕೊಟ್ಟರು.

"ಬರಿ. ನಾ ಹೇಳ್ತೇನಿ. ಗುಲ್ನಾರ ಅಂದ್ರ ನನ್ನ ಮಗಳು. ಆಕಿ ಬೇಕಂತ ಸೋತಾಳ. ನನಗ ಗೊತ್ತಿರಲಿಲ್ಲ."

ಬರೆದಳು. "ಯಾಕ ಸೋತೆ ಅನ್ನೋದೂ ಬರೀಲೇನಪ್ಪಾ?"

"ಬ್ಯಾಡ. ಇನ್ನೂ ಜಾಗಾ ಐತೇನು ಅದರಾಗ?"

"ಬಾಳ ಐತಿ."

"ಇರಲಿ. ಕಳಸು."

ಒಂಬತ್ತು ದಿನದ ಮೇಲೆ ಅವರ ಖಾತೆ ತೆರೆಯಿತು. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದು ಬರೆದಿದ್ದರು. ಗುಲ್ನಾರ ಮತ್ತು ಮಲ್ಲಿಕಾ, ಎರಡೂ ಹೆಸರನ್ನು ಕಾಯಂ ಮುಚ್ಚಿದ್ದರು. ಇನ್ನೂರ ಹನ್ನೆರಡು ಆಟ ಲೆಕ್ಕದಿಂದ ಹೊರಗೆ ಹೋಗಿ, ಮಾಸ್ತರರ ಅಂಕ ಎಂಟುನೂರ ಐವತ್ತೆಂಟಕ್ಕೆ ಬಂದು ನಿಂತಿತ್ತು. ಗೆದ್ದಿಯಪ್ಪಾ ಎಂದು ಮಲ್ಲಿಕಾ ಫೋನು ಮಾಡಿದಾಗ, "ಹೂಂ," ಎಂದರು ಗುದ್ಲೆಪ್ಪನವರು. ಆ ಆಟವನ್ನು ಅವರು ಮತ್ತೆ ತೆರೆಯಲಿಲ್ಲ.

ಮುಂದಿನ ಐತವಾರ ಮಲ್ಲಿಕಾ ದುಂಡಸಿಗೆ ಹೋದಾಗ ಪಡಸಾಲೆಯಲ್ಲಿ ಮರದ ಮಣೆ ಹಾಸಿತ್ತು.

"ಕುಂಡ್ರು," ಎಂದರು ಅಪ್ಪ. "ಖರೇ ಆಟ ಆಡು."

ಆಡಿದಳು. ಹದಿನೆಂಟನೆಯ ನಡೆಗೆ ಅವರ ವಜೀರ ಸಿಕ್ಕಿಬಿದ್ದ. ಅವಳ ಕೈ ಹಿಂಜರಿಯಿತು. "ಹೊಡಿ," ಎಂದರು ಅಪ್ಪ, ಕಣ್ಣೆತ್ತದೆ. ಹೊಡೆದಳು. ಮತ್ತೆ ಹೂಡಿದರು. ಮತ್ತೆ ಸೋತರು. ಅವತ್ತು ನಾಲ್ಕು ಆಟ. ಮರುವಾರ ಐದು. ಒಂದೊಂದು ಆಟದಲ್ಲಿಯೂ ಅಪ್ಪನಿಗೆ ಏನು ಕಾಣುವುದಿಲ್ಲ ಎಂಬುದು ಮಲ್ಲಿಕಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಲಗಡೆಯ ಮೂರು ಸಾಲುಗಳು ಅವರ ಕಣ್ಣಿಗೆ ಮಬ್ಬಾಗಿದ್ದವು. ಅಲ್ಲಿಂದ ಬಂದ ಹೊಡೆತ ಅವರಿಗೆ ಪ್ರತಿ ಸಲವೂ ಹೊಸದು. ಅಲ್ಲಿಂದಲೇ ಅವಳು ಗೆಲ್ಲಬೇಕಿತ್ತು. ಬೇರೆ ಕಡೆಯಿಂದ ಹೋದರೆ ಬಿಟ್ಟುಕೊಡುತ್ತಿದ್ದಾಳೆಂದು ಅವರಿಗೆ ಗೊತ್ತಾಗುತ್ತಿತ್ತು.

"ಒಂದ ವಾರ ಬಿಟ್ಟು ಬಾ," ಎಂದಳು ಅವ್ವ, ಹಿತ್ತಲಿನಲ್ಲಿ ಅವಳನ್ನು ತಡೆದು. "ನೀ ಬಂದು ಹ್ವಾದ ಮ್ಯಾಲ ಎರಡ ದಿನ ಮಾತಾಡಂಗಿಲ್ಲ ಅವರು."

"ಬರದಿದ್ರ?"

"ಬರದಿದ್ರ ಬಾಗಲಾಗ ಕುಂತಿರ್ತಾರ." ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.

ಎರಡು ತಿಂಗಳಾದ ಮೇಲೆ ಒಂದು ಐತವಾರ ಅದು ನಡೆಯಿತು. ಮಲ್ಲಿಕಾಗೆ ಹಿಂದಿನ ದಿನವಿಡೀ ಹಿರೇಕೆರೂರಿನ ಕಡೆಯ ಆರೋಗ್ಯ ಶಿಬಿರದಲ್ಲಿ ಕೆಲಸವಾಗಿತ್ತು, ಕಣ್ಣುಗಳು ಉರಿಯುತ್ತಿದ್ದವು. ಗೆಲ್ಲುವ ಆತುರದಲ್ಲಿ ಆನೆಯನ್ನು ಮುಂದೆ ತಳ್ಳಿದಳು. ಅಪ್ಪ ಬಹಳ ಹೊತ್ತು ನೋಡಿ, ಎಡಗೈಯಲ್ಲಿ ಕುದುರೆ ಎತ್ತಿ, ರಾಜನಿಗೂ ವಜೀರನಿಗೂ ಒಮ್ಮೆಲೇ ತಾಗುವ ಮನೆಯಲ್ಲಿ ಇಟ್ಟರು. ಅವಳು ಅದನ್ನು ನೋಡಿಯೇ ಇರಲಿಲ್ಲ. ಆರು ನಡೆಯಲ್ಲಿ ಆಟ ಮುಗಿಯಿತು. ಸಂತೋಷಕ್ಕೆ ಅವಳು ನಕ್ಕುಬಿಟ್ಟಳು. ತಲೆಯೆತ್ತಿ ನೋಡಿದರೆ ಅಪ್ಪನ ಮುಖ ಕಲ್ಲಾಗಿತ್ತು.

"ಮತ್ತ ಚಾಲೂ ಮಾಡಿದೇನು?"

"ಇಲ್ಲಪ್ಪಾ. ಕಾಣಲಿಲ್ಲ ನನಗ. ಖರೇನ ಕಾಣಲಿಲ್ಲ."

"ಇಷ್ಟ ದೊಡ್ಡ ಕುದುರಿ ಕಾಣಲಿಲ್ಲ?"

"ನನ್ನ ಲಕ್ಷ್ಯ ಆನಿ ಮ್ಯಾಲಿತ್ತು. ನೀ ಅದನ್ನ ಹೊಡೀತಿ ಅನಕೊಂಡಿದ್ದೆ."

ಅವರು ಕಾಯಿಗಳನ್ನು ಹಿಂದಕ್ಕೆ ಇಡುತ್ತ ಬಂದು, ಅವಳು ಆನೆ ತಳ್ಳಿದ ಸ್ಥಿತಿಗೆ ನಿಲ್ಲಿಸಿದರು. ಅಲ್ಲಿ ಏನು ನೋಡಿದಿ, ಇಲ್ಲಿ ಏನು ನೋಡಿದಿ ಎಂದು ಒಂದೊಂದೇ ಕೇಳಿದರು. ಅವಳು ಹೇಳಿದಳು. ಹೇಳಿದ್ದೆಲ್ಲ ನಿಜವಾಗಿತ್ತು. ನಾಲ್ಕು ತಿಂಗಳು ಗುಲ್ನಾರಳಾಗಿ ಬರೆದದ್ದನ್ನೂ ಅವರು ಹೀಗೇ ನಂಬಿದ್ದರಲ್ಲವೇ ಎಂದು ಅವಳಿಗೆ ಹೊಳೆಯಿತು. ಇದು ಖರೇ ಎಂದು ತೋರಿಸಲು ಅವಳ ಬಳಿ ಏನೂ ಇರಲಿಲ್ಲ.

ಗುದ್ಲೆಪ್ಪನವರು ಕುದುರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ನಡೆ ಅವರಿಗೆ ಮೆಚ್ಚುಗೆಯಾಗಿತ್ತು, ಅದು ಕೈಯಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಕಾಯಿಗಳನ್ನು ಮತ್ತೆ ಹೂಡತೊಡಗಿದರು.

"ಐದೂವರಿ ಬಸ್ಸ ಹೋಕ್ಕೈತಿ ನೋಡ್ರಿ," ಎಂದಳು ಮಹಾದೇವಕ್ಕ ಬಾಗಿಲಿನಿಂದ. "ಆಕಿ ಅಕ್ಕಿಆಲೂರು ಮುಟ್ಟಬೇಕು."

"ಇದೊಂದು," ಎಂದರು ಗುದ್ಲೆಪ್ಪನವರು. "ಬಿಳೀದು ನೀ ತಗೋ, ತಂಗಿ."

ಮಲ್ಲಿಕಾ ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ತಳ್ಳಿದಳು. ಅಪ್ಪ ತಮ್ಮ ನಡೆ ಆಡುತ್ತಾರೆಂದು ಕಾದಳು. ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಅವಳು ಕಣ್ಣೆತ್ತಿದಳು. ಅವರು ಮಣೆಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದರು.